ಒಂದು ಮುಳ್ಳು, ಎರಡು ವೇಷ

ಮನೆಯ ಹಸುಗೂಸಿಗೆ ನೆಗಡಿಯಾದರೆ ಹಿರಿಯರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತರುವುದಿಲ್ಲ. ಮೂಗು ಸೋರುತ್ತದೆ, ಎರಡು ದಿನ ಕೂಸು ರಚ್ಚೆ ಹಿಡಿಯುತ್ತದೆ, ಮೂರನೆಯ ದಿನ ಮತ್ತೆ ನಗುತ್ತದೆ. ಆದರೆ ಕೆಲವು ಕೂಸುಗಳಿಗೆ ಆ ಮೂರನೆಯ ದಿನವೇ ಗಂಡಾಂತರದ ದಿನ. ಉಸಿರು ಮೇಲುಮೇಲಕ್ಕೆ ಬರುತ್ತದೆ. ಎದೆಯಲ್ಲಿ ಸಿಳ್ಳಿನಂತಹ ಸದ್ದು ಏಳುತ್ತದೆ. ಒಂದೊಂದು ಉಸಿರಿಗೂ ಪಕ್ಕೆಗಳು ಒಳಕ್ಕೆ ಸೆಳೆಯುತ್ತವೆ. ಮೊಲೆಗೆ ಬಾಯಿಟ್ಟರೂ ಕೂಸು ಕುಡಿಯಲಾರದು. ಶ್ವಾಸಕೋಶದೊಳಗಿನ ಅತಿ ಸಣ್ಣ ಗಾಳಿಕೊಳವೆಗಳು ಬಾತುಕೊಂಡು, ಕಫದಿಂದ ಕಟ್ಟಿಕೊಂಡಿರುವುದರ ಗುರುತು ಇದು.

ಹಸುಳೆಗಳನ್ನು ಹೀಗೆ ಕಾಡುವ ವಿಷಾಣುಗಳಲ್ಲಿ ಮೊದಲ ಸ್ಥಾನ ‘ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್’ ಎಂಬುದಕ್ಕೆ ಸಲ್ಲುತ್ತದೆ. ಹೆಸರು ಉದ್ದವಾದ್ದರಿಂದ ವೈದ್ಯರು ಆರ್‌ಎಸ್‌ವಿ ಎಂದು ಮೊಟಕಾಗಿ ಕರೆಯುತ್ತಾರೆ. 2019ರಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು ಒಂದು ಲಕ್ಷ ಮಕ್ಕಳು ಇದಕ್ಕೆ ಬಲಿಯಾದರೆಂದು ತಜ್ಞರ ಅಂದಾಜು. ಅವರಲ್ಲಿ ನೂರಕ್ಕೆ 97 ಮಂದಿ ಬಡ ಹಾಗೂ ನಡುವಣ ಆದಾಯದ ದೇಶಗಳವರು. ಹೆಚ್ಚುಕಡಮೆ ಅರ್ಧದಷ್ಟು ಮಂದಿ ಆರು ತಿಂಗಳನ್ನೂ ತುಂಬದ ಕೂಸುಗಳು. ಈ ವಿಷಾಣುವಿನ ಮೈಮೇಲಿರುವ ಒಂದು ಪ್ರೋಟೀನು ಮುಳ್ಳಿನ ಕಥೆಯೇ ಈ ವಾರದ ವಿಷಯ. ಆ ಮುಳ್ಳಿನ ಗುಟ್ಟು ತಿಳಿಯದ ಕಾರಣ ಹಿಂದೊಮ್ಮೆ ಲಸಿಕೆಯೇ ಮಕ್ಕಳಿಗೆ ಮುಳುವಾಯಿತು. ಗುಟ್ಟು ತಿಳಿದ ಮೇಲೆ ಹತ್ತು ವರ್ಷಗಳೊಳಗೆ ಬಾಗಿಲು ತೆರೆಯಿತು.

1956ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೈನಿಕ ಸಂಶೋಧನ ಸಂಸ್ಥೆಯಲ್ಲಿ ಸಾಕಿದ್ದ ಚಿಂಪಾಂಜಿಗಳಿಗೆ ನೆಗಡಿ ಹಿಡಿಯಿತು. ಅವುಗಳ ಮೂಗಿನಿಂದ ವಿಜ್ಞಾನಿಗಳು ಒಂದು ಹೊಸ ವಿಷಾಣುವನ್ನು ಬೇರ್ಪಡಿಸಿದರು. ಮರುವರ್ಷವೇ ರಾಬರ್ಟ್ ಚಾನಕ್ ಮತ್ತು ಅವರ ಸಹೋದ್ಯೋಗಿಗಳು ಬಾಲ್ಟಿಮೋರ್ ನಗರದ ಕೂಸುಗಳಲ್ಲಿಯೂ ಅದನ್ನೇ ಕಂಡರು. ರೋಗ ಚಿಂಪಾಂಜಿಗಳದ್ದಲ್ಲ, ನಮ್ಮದೇ ಎಂಬುದು ಹೀಗೆ ಬೆಳಕಿಗೆ ಬಂತು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಈ ವಿಷಾಣುವನ್ನು ಸೋಕಿಸಿದರೆ ಒಂದು ಸೋಜಿಗ ಕಾಣುತ್ತದೆ: ನೆರೆಹೊರೆಯ ಕೋಶಗಳು ನಡುವಣ ಪೊರೆಯನ್ನು ಕಳೆದುಕೊಂಡು ಒಂದರೊಳಗೊಂದು ಕರಗಿ, ಹತ್ತಾರು ಕೋಶಕೇಂದ್ರಗಳುಳ್ಳ ಒಂದೇ ದೊಡ್ಡ ಮುದ್ದೆಯಾಗುತ್ತವೆ. ಅಂತಹ ಮುದ್ದೆಗೆ ‘ಸಿನ್ಸಿಷಿಯಂ’ ಎಂದು ಹೆಸರು. ವಿಷಾಣುವಿಗೆ ಹೆಸರು ಬಂದುದು ಅದರಿಂದಲೇ. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ನಮ್ಮ ಕಥೆಯ ಬೀಜ ಅದರಲ್ಲಿಯೇ ಇದೆ.

ಆ ಕಾಲದ ವೈದ್ಯಲೋಕ ಉತ್ಸಾಹದಿಂದ ತುಂಬಿತ್ತು. ಪೋಲಿಯೋ ವಿಷಾಣುವನ್ನು ಫಾರ್ಮಲಿನ್‌ನಿಂದ ಕೊಂದು ಜೋನಸ್ ಸಾಲ್ಕ್ ತಯಾರಿಸಿದ ಲಸಿಕೆ 1955ರಲ್ಲಿ ಜಯಭೇರಿ ಹೊಡೆದಿತ್ತು. ಅದೇ ಉಪಾಯವನ್ನು ಆರ್‌ಎಸ್‌ವಿಯ ಮೇಲೂ ಏಕೆ ಮಾಡಬಾರದು? ವಿಷಾಣುವನ್ನು ಬೆಳೆಸಿ, ಫಾರ್ಮಲಿನ್‌ನಲ್ಲಿ ಕೊಂದು, ಲಸಿಕೆಯ ಪ್ರಭಾವ ಹೆಚ್ಚಲೆಂದು ಪಟಿಕದ ಲವಣವನ್ನು ಕೂಡಿಸಿ ಕೂಸುಗಳಿಗೆ ಚುಚ್ಚಲಾಯಿತು. ವಾಷಿಂಗ್‌ಟನ್ ನಗರದಲ್ಲಿ ನಡೆದ ಪರೀಕ್ಷೆಯಲ್ಲಿ 31 ಕೂಸುಗಳಿಗೆ ಈ ಲಸಿಕೆ, ಹೋಲಿಕೆಗಾಗಿ 40 ಕೂಸುಗಳಿಗೆ ಬೇರೊಂದು ರೋಗದ ಲಸಿಕೆ ದೊರೆಯಿತು. ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿದುವು. ಎಲ್ಲರೂ ಸಮಾಧಾನಪಟ್ಟರು.

1966-67ರ ಚಳಿಗಾಲದಲ್ಲಿ ಊರಿಗೆ ಆರ್‌ಎಸ್‌ವಿ ಬಂದಿತು. ಲಸಿಕೆ ಪಡೆದ 31ರಲ್ಲಿ 20 ಕೂಸುಗಳಿಗೆ ಸೋಂಕು ತಗುಲಿತು. ಉಳಿದ ಗುಂಪಿನ 40ರಲ್ಲಿ 21ಕ್ಕೆ. ಎಂದರೆ ಲಸಿಕೆ ಸೋಂಕನ್ನು ತಡೆಯಲೇ ಇಲ್ಲ. ಅಷ್ಟೇ ಆಗಿದ್ದರೆ ಅದನ್ನೊಂದು ಸೋಲೆಂದು ಬರೆದಿಟ್ಟು ಮುಂದೆ ಸಾಗಬಹುದಾಗಿತ್ತು. ಆದರೆ ಲಸಿಕೆ ಪಡೆದು ಸೋಂಕು ತಗುಲಿದ 20 ಕೂಸುಗಳಲ್ಲಿ 16 ಆಸ್ಪತ್ರೆ ಸೇರಿದುವು; ಬೇರೆ ಗುಂಪಿನ 21ರಲ್ಲಿ ಒಂದು ಮಾತ್ರ. ಲಸಿಕೆ ಪಡೆದ ಕೂಸುಗಳಲ್ಲಿ ಎರಡು ತೀರಿಕೊಂಡುವು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

1969ರಲ್ಲಿ ಈ ವರದಿ ಪ್ರಕಟವಾದ ಮೇಲೆ ಆರ್‌ಎಸ್‌ವಿ ಲಸಿಕೆಯ ಮಾತೆತ್ತಲು ಜನ ಹೆದರಿದರು. ಪ್ರತಿಕಾಯಗಳು ಹುಟ್ಟಿದ್ದು ನಿಜ. ಅವು ವಿಷಾಣುವಿಗೆ ಅಂಟಿಕೊಂಡುದೂ ನಿಜ. ಹಾಗಾದರೆ ಕಾಯಲಿಲ್ಲವೇಕೆ? ಆ ಪ್ರಶ್ನೆಗೆ ಉತ್ತರ ದೊರೆಯಲು 40 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಉತ್ತರವನ್ನು ಅರಿಯಬೇಕಾದರೆ ವಿಷಾಣುವಿನ ಮೈಕಟ್ಟನ್ನು ಕೊಂಚ ಹತ್ತಿರದಿಂದ ನೋಡಬೇಕು.

ವಿಷಾಣುಗಳಲ್ಲಿ ಎರಡು ಜಾತಿ. ಪೋಲಿಯೋದಂತಹವು ಬರಿಮೈಯವು, ಗಟ್ಟಿಯಾದ ಪ್ರೋಟೀನು ಚಿಪ್ಪೇ ಅವುಗಳ ಹೊರಗೋಡೆ. ಇನ್ಫ್ಲುಯೆಂಜ, ದಡಾರ, ಡೆಂಗ್ಯೂ, ಕೊರೋನ, ನಮ್ಮ ಆರ್‌ಎಸ್‌ವಿ ಮೊದಲಾದುವು ಹೊದಿಕೆಯುಳ್ಳವು. ಆ ಹೊದಿಕೆ ಅವು ತಾವೇ ನೇಯ್ದುದಲ್ಲ. ಒಂದು ಜೀವಕೋಶದೊಳಗೆ ಬೆಳೆದು ಹೊರಬರುವಾಗ ಆ ಕೋಶದ ಪೊರೆಯ ಒಂದು ತುಣುಕನ್ನೇ ಸುತ್ತಿಕೊಂಡು ಬರುತ್ತವೆ. ಕಳ್ಳನೊಬ್ಬ ಹೊಕ್ಕ ಮನೆಯ ಯಜಮಾನನ ಶಾಲನ್ನೇ ಹೊದ್ದು ಹೊರಬಿದ್ದಂತೆ ಎನ್ನಬಹುದು. ಈ ಪೊರೆ ಮೇದಸ್ಸಿನ ಎರಡು ಪದರಗಳಿಂದಾದುದು, ಬಲು ತೆಳುವಾದುದು. ಸಾಬೂನು ಎಣ್ಣೆಜಿಡ್ಡನ್ನು ಕರಗಿಸುವಂತೆಯೇ ಇದನ್ನೂ ಕರಗಿಸಿಬಿಡುತ್ತದೆ. ಸಾಬೂನಿನಿಂದ ಕೈ ತೊಳೆಯಿರೆಂದು ವೈದ್ಯರು ಹೇಳುವುದರ ಹಿಂದೆ ಈ ಕಾರಣವೂ ಇದೆ.

ಶಾಲೇನೋ ಯಜಮಾನನದೇ, ಆದರೆ ಅದರ ತುಂಬ ವಿಷಾಣು ತನ್ನ ಮುಳ್ಳುಗಳನ್ನು ನೆಟ್ಟಿರುತ್ತದೆ. ಈ ಮುಳ್ಳುಗಳೇ ಹೊರಮೈಯ ಪ್ರೋಟೀನುಗಳು. ಆರ್‌ಎಸ್‌ವಿಯ ಮೈಮೇಲೆ ಇವು ಮೂರು ಬಗೆ. ‘ಜಿ’ ಎಂಬುದು ಗಾಳಿಕೊಳವೆಯ ಕೋಶಗಳಿಗೆ ಅಂಟಿಕೊಳ್ಳಲು ನೆರವಾಗುತ್ತದೆ. ‘ಎಸ್‌ಎಚ್’ ಎಂಬುದು ಗಾತ್ರದಲ್ಲಿ ಚಿಕ್ಕದು. ‘ಎಫ್’ ಎಂಬುದು ಬೆಸುಗೆ ಹಾಕುವ ಕೆಲಸದ್ದು. ಜಿ ಪ್ರೋಟೀನಿನ ರೂಪ ತಳಿಯಿಂದ ತಳಿಗೆ ಬಹಳ ಬದಲಾಗುತ್ತದೆ. ಎಫ್ ಹಾಗಲ್ಲ, ಅದು ತಳಿಗಳೆಲ್ಲೆಲ್ಲ ಹೆಚ್ಚುಕಡಮೆ ಒಂದೇ ಬಗೆಯಾಗಿದೆ, ಅದಿಲ್ಲದೆ ವಿಷಾಣು ಒಳಹೊಗಲಾರದು. ಆದ್ದರಿಂದಲೇ ಲಸಿಕೆ ಮಾಡುವವರ ಕಣ್ಣು ಎಫ್ ಮೇಲೆ ಬಿದ್ದುದು.

ಬೆಸುಗೆ ಎಂದೆವು. ಅದರ ಅಗತ್ಯವೇನು? ವಿಷಾಣುವಿನ ಸಂತಾನದ ಗ್ರಂಥ ಹೊದಿಕೆಯ ಒಳಗಿದೆ. ಅದು ಕೋಶದ ಒಳಗೆ ಹೋಗಬೇಕು. ಹೋಗಬೇಕಾದರೆ ವಿಷಾಣುವಿನ ಪೊರೆಯೂ ಕೋಶದ ಪೊರೆಯೂ ಕೂಡಿ ಒಂದಾಗಬೇಕು. ನೀರಿನ ಮೇಲೆ ತೇಲುವ ಎರಡು ಎಣ್ಣೆಹನಿಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಆದರೆ ಈ ಪೊರೆಗಳು ಹಾಗೆ ಕೂಡುವುವಲ್ಲ. ಅವೆರಡರ ನಡುವೆ ನೀರಿನ ಪದರವಿದೆ. ತೀರ ಹತ್ತಿರಕ್ಕೆ ತಂದರೆ ಒಂದನ್ನೊಂದು ತಳ್ಳುತ್ತವೆ. ಯಾರಾದರೂ ಬಲವಂತವಾಗಿ ಎಳೆದು ತಂದು ಒತ್ತಬೇಕು. ಆ ಬಲವನ್ನು ಮೊದಲೇ ಕೂಡಿಟ್ಟುಕೊಂಡಿರುವುದೇ ಎಫ್ ಪ್ರೋಟೀನಿನ ವೈಶಿಷ್ಟ್ಯ.

ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ಕರ್ಣಕುಂಡಲದ ಗಿಡವನ್ನು ಅನೇಕರು ಬಲ್ಲರು. ಬಲಿತ ಅದರ ಕಾಯಿಯನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಪಟ್ಟನೆ ಸಿಡಿದು ಸಿಪ್ಪೆ ಸುರುಳಿಗೊಳ್ಳುತ್ತದೆ. ಸಿಡಿದ ಕಾಯಿಯನ್ನು ಮತ್ತೆ ಮೊದಲಿನಂತೆ ಮುಚ್ಚಿಡಲು ಯಾರಿಂದಲೂ ಆಗದು. ಎಫ್ ಪ್ರೋಟೀನಿನ ಸ್ವಭಾವವೂ ಇಂತಹುದೇ. 574 ಅಮೈನೋ ಆಮ್ಲಗಳ ಸರವೊಂದು ಮೊದಲು ಹುಟ್ಟುತ್ತದೆ. ಕೋಶದೊಳಗಿನ ಕಿಣ್ವವೊಂದು ಅದನ್ನು ಎರಡು ಕಡೆ ಕತ್ತರಿಸಿ, ನಡುವಣ 27 ಅಮೈನೋ ಆಮ್ಲಗಳ ತುಣುಕನ್ನು ತೆಗೆದುಹಾಕುತ್ತದೆ. ಇಂತಹ ಮೂರು ಸರಗಳು ಹುರಿಗೊಂಡು ಒಂದು ಮುಳ್ಳಾಗುತ್ತವೆ. ಆಗ ಅದರ ರೂಪ ಗಿಡ್ಡ, ತಲೆ ದುಂಡಗೆ; ಜಿಡ್ಡಿಗೆ ಒಲಿಯುವ ಮೂರು ಚೂಪಾದ ತುದಿಗಳು ಒಳಗೆ ಅಡಗಿರುತ್ತವೆ. ಇದು ಬಲಿತ ಕಾಯಿ, ಹೆದೆಯೇರಿಸಿದ ಬಿಲ್ಲು.

ಸಮಯ ಬಂದಾಗ ಈ ಬಿಲ್ಲು ಬಿಡುಗಡೆಯಾಗುತ್ತದೆ. ಮಡಿಸಿಕೊಂಡಿದ್ದ ಭಾಗಗಳು ನೆಟ್ಟಗಾಗಿ ಉದ್ದನೆಯ ಸುರುಳಿಕೋಲಾಗಿ ಮೇಲಕ್ಕೆ ಚಿಮ್ಮುತ್ತವೆ. ಅವುಗಳ ತುದಿಯಲ್ಲಿರುವ ಚೂಪು ಗಾಳದ ಕೊಕ್ಕೆಯಂತೆ ಎದುರಿನ ಕೋಶದ ಪೊರೆಯಲ್ಲಿ ನಾಟಿಕೊಳ್ಳುತ್ತದೆ. ಈಗ ಮುಳ್ಳಿನ ಒಂದು ಕೊನೆ ವಿಷಾಣುವಿನ ಪೊರೆಯಲ್ಲಿ, ಇನ್ನೊಂದು ಕೊನೆ ಕೋಶದ ಪೊರೆಯಲ್ಲಿ. ಮರುಕ್ಷಣವೇ ಮುಳ್ಳು ನಡುವೆ ಮಡಿಸಿಕೊಂಡು, ಎರಡು ಕೊನೆಗಳನ್ನೂ ಒಂದೆಡೆಗೆ ಎಳೆಯುತ್ತದೆ. ಪೊರೆಗಳು ಒತ್ತಿ ಕೂಡುತ್ತವೆ, ಕಂಡಿ ತೆರೆಯುತ್ತದೆ, ವಿಷಾಣುವಿನ ಸರಕು ಒಳಸೇರುತ್ತದೆ. ಸೋಂಕಿದ ಕೋಶದ ಮೈಮೇಲೂ ಇದೇ ಮುಳ್ಳುಗಳು ಮೂಡುವುದರಿಂದ ಅದು ನೆರೆಯ ಕೋಶಕ್ಕೂ ಬೆಸೆದುಕೊಳ್ಳುತ್ತದೆ. ಚಾನಕ್ ಕಾಲದವರು ಸೂಕ್ಷ್ಮದರ್ಶಕದಲ್ಲಿ ಕಂಡ ಮುದ್ದೆಯ ರಹಸ್ಯ ಇದು.

ಈ ಉಪಾಯ ಆರ್‌ಎಸ್‌ವಿಯೊಂದರದೇ ಅಲ್ಲ. 1981ರಲ್ಲಿ ಇಯಾನ್ ವಿಲ್ಸನ್, ಜಾನ್ ಸ್ಕೆಹೆಲ್ ಮತ್ತು ಡಾನ್ ವೈಲಿ ಇನ್ಫ್ಲುಯೆಂಜ ವಿಷಾಣುವಿನ ಮುಳ್ಳನ್ನು ಹರಳುಗೊಳಿಸಿ, ಕ್ಷ-ಕಿರಣಗಳ ನೆರವಿನಿಂದ ಅದರ ರೂಪವನ್ನು ಮೊದಲ ಬಾರಿಗೆ ಜಗತ್ತಿಗೆ ತೋರಿಸಿದರು. ಆಮ್ಲದ ಸೋಂಕಿನಿಂದ ಅದು ತಾಳುವ ಎರಡನೆಯ ರೂಪ 1994ರಲ್ಲಿ ತಿಳಿದುಬಂತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಒಂದೇ ಪ್ರೋಟೀನೆಂದು ನಂಬುವುದೇ ಕಷ್ಟ.

ಈಗ ಕಥೆಯ ಗಂಟಿಗೆ ಬರೋಣ. ಆರ್‌ಎಸ್‌ವಿಯ ಎಫ್ ಮುಳ್ಳು ಬಹಳ ಚಂಚಲ. ಎದುರಿಗೆ ಕೋಶವಿಲ್ಲದಿದ್ದರೂ, ಕೊಂಚ ಬಿಸಿ ತಾಗಿದರೂ, ಸುಮ್ಮನಿರಿಸಿದರೂ ಸಿಡಿದುಬಿಡುತ್ತದೆ. ಫಾರ್ಮಲಿನ್‌ನಲ್ಲಿ ಕೊಂದ ವಿಷಾಣುವಿನ ಮೈಮೇಲೆ ಸಿಡಿಯದೆ ಉಳಿದ ಮುಳ್ಳುಗಳು ಇಲ್ಲವೇ ಇಲ್ಲವೆಂಬುದು 2016ರಲ್ಲಿ ಖಚಿತವಾಯಿತು. ಎಂದರೆ 1966ರ ಕೂಸುಗಳ ಮೈಗೆ ಪರಿಚಯವಾದುದು ಸಿಡಿದ ಕಾಯಿಯ ಸಿಪ್ಪೆ ಮಾತ್ರ.

ಯಕ್ಷಗಾನದ ರಾಕ್ಷಸ ಪಾತ್ರಧಾರಿ ಆಟ ಮುಗಿಸಿ, ಚೌಕಿಯಲ್ಲಿ ಬಣ್ಣ ತೊಳೆದು ಕುಳಿತಿದ್ದಾನೆ. ಅವನನ್ನು ಆಗ ಮಾತ್ರ ನೋಡಿದವನಿಗೆ ಮರುರಾತ್ರಿ ರಂಗಸ್ಥಳದಲ್ಲಿ ಕಿರೀಟ, ಬಣ್ಣಗಳೊಡನೆ ಅಬ್ಬರಿಸುವವನು ಅವನೇ ಎಂದು ಗುರುತು ಸಿಕ್ಕೀತೆ? ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳ ಪಾಡೂ ಅದೇ ಆಯಿತು. ಅವು ವಿಷಾಣುವಿಗೆ ಅಂಟಿದುವು, ಆದರೆ ಬಹುಪಾಲು ಕೆಲಸ ಮುಗಿಸಿ ಬಿದ್ದಿದ್ದ ಮುಳ್ಳುಗಳಿಗೆ. ಕೆಲಸಕ್ಕೆ ಸಜ್ಜಾಗಿದ್ದ ಮುಳ್ಳುಗಳನ್ನು ಕಟ್ಟಿಹಾಕಲಾರದೆ ಹೋದುವು. ಅಷ್ಟು ಸಾಲದೆಂಬಂತೆ ಇಂತಹ ನಿಷ್ಫಲ ಪ್ರತಿಕಾಯಗಳು ವಿಷಾಣುವಿನೊಡನೆ ಗಂಟುಗಂಟಾಗಿ ಶ್ವಾಸಕೋಶದಲ್ಲಿ ನೆಲೆಸಿದುವು. ದೇಹದ ರಕ್ಷಣಾವ್ಯವಸ್ಥೆ ಅಡ್ಡದಾರಿ ಹಿಡಿದು ಉರಿಯೂತವನ್ನು ಹೆಚ್ಚಿಸಿತು. ಆ ದುರಂತಕ್ಕೆ ಕಾರಣ ಇದೊಂದೇ ಎಂದು ವಿಜ್ಞಾನಿಗಳು ಹೇಳುವುದಿಲ್ಲ. ಮುಖ್ಯವಾದ ಕಾರಣಗಳಲ್ಲಿ ಇದೊಂದು.

ರಂಗಸ್ಥಳದ ವೇಷವನ್ನು ಕಣ್ಣಾರೆ ಕಾಣುವ ಬಗೆ ಹೇಗೆ? ಹರಳುಗೊಳಿಸಲು ಹೊರಟರೆ ಪ್ರೋಟೀನು ಸಿಡಿದುಬಿಡುತ್ತಿತ್ತು. 2011ರಲ್ಲಿ ದೊರೆತ ಚಿತ್ರಗಳೂ ಸಿಡಿದ ರೂಪದವೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಲಸಿಕೆ ಸಂಶೋಧನ ಕೇಂದ್ರದಲ್ಲಿ ಬಾರ್ನಿ ಗ್ರಹಾಂ ಎಂಬ ವೈದ್ಯ ವಿಜ್ಞಾನಿ ಬಹುಕಾಲದಿಂದ ಈ ಒಗಟಿನ ಹಿಂದೆ ಬಿದ್ದಿದ್ದರು. 2008ರಲ್ಲಿ ಜೇಸನ್ ಮೆಕ್‌ಲೆಲನ್ ಎಂಬ ತರುಣ, ಪೀಟರ್ ಕ್ವಾಂಗ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ಅಲ್ಲಿಗೆ ಬಂದರು. ಕ್ವಾಂಗ್ ಅವರ ಮಹಡಿಯಲ್ಲಿ ಜಾಗ ಸಾಲದೆ ಅವರಿಗೆ ಗ್ರಹಾಂ ಅವರ ಮಹಡಿಯಲ್ಲಿ ಮೇಜು ದೊರೆಯಿತು. ಜಾಗದ ಅಭಾವದಿಂದ ಜಗತ್ತಿಗೆ ಉಪಕಾರವಾದ ಉದಾಹರಣೆಗಳು ಹೆಚ್ಚಿಲ್ಲ, ಇದು ಅಂತಹುದೊಂದು. ನೆರೆಯ ಮೇಜಿನ ಮಾತುಕತೆ ಜೊತೆಗೆಲಸವಾಗಿ ಬೆಳೆಯಿತು.

ಅವರಿಗೆ ದಾರಿ ತೋರಿದ್ದು ಮನುಷ್ಯನ ರಕ್ತವೇ. ನಾವೆಲ್ಲರೂ ಬಾಲ್ಯದಲ್ಲಿಯೇ ಆರ್‌ಎಸ್‌ವಿಯ ಸೋಂಕನ್ನು ಉಂಡವರು. ಬೆಳೆದವರ ರಕ್ತದಲ್ಲಿ ವಿಷಾಣುವನ್ನು ನಿಜವಾಗಿ ತಡೆಯುವ ಪ್ರತಿಕಾಯಗಳಲ್ಲಿ ಹೆಚ್ಚಿನವು ಸಿಡಿದ ಎಫ್ ಪ್ರೋಟೀನಿಗೆ ಅಂಟುವುದೇ ಇಲ್ಲವೆಂದು ಕಂಡುಬಂದಿತ್ತು. ಹಾಗಾದರೆ ಅವು ಅಂಟುವುದು ಸಿಡಿಯದ ರೂಪಕ್ಕೇ ಇರಬೇಕು! ಮಾನವ ಜೀವಕೋಶಗಳಿಂದ ಪಡೆದ ‘ಡಿ25’ ಎಂಬ ಪ್ರತಿಕಾಯ ಅಂತಹುದೇ ಆಗಿತ್ತು. ಅದನ್ನು ಎಫ್ ಪ್ರೋಟೀನಿನೊಡನೆ ಕೂಡಿಸಿದಾಗ ಅದು ಮುಳ್ಳಿನ ನೆತ್ತಿಯನ್ನು ಹಿಡಿದು, ಸಿಡಿಯದಂತೆ ಅದುಮಿ ನಿಲ್ಲಿಸಿತು. ಅಲುಗಾಡದ ಆ ಜೋಡಿ ಹರಳಾಯಿತು. 2013ರಲ್ಲಿ ರಂಗಸ್ಥಳದ ವೇಷ ಕೊನೆಗೂ ಮನುಷ್ಯನ ಕಣ್ಣಿಗೆ ಬಿತ್ತು. ನೆತ್ತಿಯ ಮೇಲಿನ ಆ ಮರ್ಮಸ್ಥಾನಕ್ಕೆ ‘ಶೂನ್ಯ ತಾಣ’ ಎಂದು ಹೆಸರಿಟ್ಟರು. ಮುಳ್ಳು ಸಿಡಿದ ಕ್ಷಣವೇ ಅದು ಕಲಸಿಹೋಗಿ ಕಾಣೆಯಾಗುತ್ತದೆ.

ಕಂಡದ್ದಾಯಿತು, ಇನ್ನು ಕಟ್ಟಿಹಾಕಬೇಕು. ಲಸಿಕೆಯೊಳಗಿನ ಪ್ರೋಟೀನು ಸೀಸೆಯಲ್ಲಿಯೂ ಮೈಯಲ್ಲಿಯೂ ಸಿಡಿಯದೆ ಉಳಿಯಬೇಕಷ್ಟೆ. ಅದೇ ವರ್ಷ ಅವರು ಬಡಗಿಯ ಚಾತುರ್ಯವನ್ನು ಮೆರೆದರು. ಪ್ರೋಟೀನಿನ ಎರಡು ಎಡೆಗಳಲ್ಲಿ ಗಂಧಕವುಳ್ಳ ಅಮೈನೋ ಆಮ್ಲಗಳನ್ನು ಕೂರಿಸಿದರು. ಅವು ಒಂದನ್ನೊಂದು ಹಿಡಿದುಕೊಂಡು ಅಗುಳಿಯಂತೆ ಬಿಗಿದುವು. ಒಳಗಿನ ಟೊಳ್ಳುಗಳಿಗೆ ದಪ್ಪನೆಯ ಅಮೈನೋ ಆಮ್ಲಗಳನ್ನು ಬೆಣೆಯಾಗಿ ಬಡಿದರು. ಬದಲಾದುದು ನಾಲ್ಕೇ ನಾಲ್ಕು ಸ್ಥಾನಗಳು. ಮುಳ್ಳು ಸ್ಥಿರವಾಗಿ ನಿಂತಿತು. ಇಲಿಗಳಲ್ಲಿ, ಮಂಗಗಳಲ್ಲಿ, ಬಳಿಕ ಮನುಷ್ಯರಲ್ಲಿ ಪರೀಕ್ಷಿಸಿದರು. ವಿಷಾಣುವನ್ನು ತಡೆಯುವ ಪ್ರತಿಕಾಯಗಳ ಪ್ರಮಾಣ ಹತ್ತು ಪಟ್ಟಿಗೂ ಮಿಗಿಲಾಗಿ ಏರಿತೆಂದು 2019ರ ವರದಿ ಸಾರಿತು.

ಈ ವಿದ್ಯೆ ಬೇರೊಂದೆಡೆ ಮೊದಲು ಫಲ ಕೊಟ್ಟಿತು. ಕೊರೋನ ಜಾತಿಯ ವಿಷಾಣುಗಳ ಮುಳ್ಳೂ ಹೀಗೆಯೇ ಸಿಡಿಯುವಂತಹುದು. ಗ್ರಹಾಂ, ಮೆಕ್‌ಲೆಲನ್ ಮತ್ತು ಸಂಗಡಿಗರು ಮರ್ಸ್ ರೋಗದ ವಿಷಾಣುವಿನ ಮುಳ್ಳಿನಲ್ಲಿ ಎರಡು ‘ಪ್ರೋಲಿನ್’ ಅಮೈನೋ ಆಮ್ಲಗಳನ್ನು ಸೇರಿಸಿ ಅದನ್ನು ನಿಲ್ಲಿಸುವ ಬಗೆಯನ್ನು 2017ರಲ್ಲಿ ಪ್ರಕಟಿಸಿದ್ದರು. 2020ರಲ್ಲಿ ಕೋವಿಡ್ ಬಂದೆರಗಿದಾಗ ಆ ಉಪಾಯ ಕೈಯಳತೆಯಲ್ಲಿಯೇ ಇತ್ತು. ಫೈಜರ್ ಮತ್ತು ಮಾಡರ್ನಾ ಲಸಿಕೆಗಳ ಮುಳ್ಳನ್ನು ನಿಲ್ಲಿಸಿದ್ದು ಆ ಎರಡು ಪ್ರೋಲಿನ್‌ಗಳೇ.

2023 ಆರ್‌ಎಸ್‌ವಿಯ ಸರದಿ. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕವು 60 ದಾಟಿದ ವೃದ್ಧರಿಗಾಗಿ ಎರಡು ಲಸಿಕೆಗಳಿಗೆ ಒಪ್ಪಿಗೆಯಿತ್ತಿತು. ಎರಡರಲ್ಲಿಯೂ ಇರುವುದು ಸಿಡಿಯದಂತೆ ಬಿಗಿದ ಎಫ್ ಪ್ರೋಟೀನು. ಆಗಸ್ಟ್‌ನಲ್ಲಿ ಅವುಗಳಲ್ಲೊಂದನ್ನು ಗರ್ಭಿಣಿಯರಿಗೂ ಕೊಡಬಹುದೆಂದಾಯಿತು. ತಾಯಿಯಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸಿನ ಮೂಲಕ ಗರ್ಭದ ಕೂಸಿಗೆ ಹರಿದು, ಹುಟ್ಟಿದ ಮೊದಲ ತಿಂಗಳುಗಳಲ್ಲಿ ಅದನ್ನು ಕಾಯುತ್ತವೆ. ಹದಿನೆಂಟು ದೇಶಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಹುಟ್ಟಿದ 90 ದಿನಗಳೊಳಗೆ ಬರುವ ತೀವ್ರ ಕಾಯಿಲೆಯನ್ನು ಇದು ನೂರಕ್ಕೆ ಸುಮಾರು 82ರಷ್ಟು ತಗ್ಗಿಸಿತು. ಅದೇ ವರ್ಷ, ಡಿ25ರ ವಂಶದ ‘ನಿರ್ಸೆವಿಮ್ಯಾಬ್’ ಎಂಬ ಸಿದ್ಧ ಪ್ರತಿಕಾಯವೂ ಅಲ್ಲಿ ಬಳಕೆಗೆ ಬಂತು. ಕೂಸಿಗೆ ಒಂದು ಸಲ ಚುಚ್ಚಿದರೆ ಸುಮಾರು ಐದು ತಿಂಗಳ ಕಾವಲು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡು ದಾರಿಗಳನ್ನೂ ಎಲ್ಲ ದೇಶಗಳಿಗೂ ಶಿಫಾರಸು ಮಾಡಿತು. ಮೊದಲು ದೊರೆತುದು ಸಿರಿವಂತ ದೇಶಗಳಿಗೆ. ಹೆಚ್ಚು ಸಾವು ಬಡದೇಶಗಳಲ್ಲಿ. ಈ ಅಂತರವನ್ನು ತುಂಬುವುದು ಹರಳು, ಕ್ಷ-ಕಿರಣಗಳ ಕೆಲಸವಲ್ಲ, ಸರ್ಕಾರಗಳ ಕೆಲಸ.

ಹಾಗೆಂದು ಕಥೆ ಸುಖಾಂತವಾಯಿತೆಂದು ಪುಟ ಮಗುಚುವಂತಿಲ್ಲ. ಬೇರೊಂದು ಕಂಪನಿಯ ಗರ್ಭಿಣಿ ಲಸಿಕೆಯ ಪರೀಕ್ಷೆಯಲ್ಲಿ ದಿನ ತುಂಬದ ಹೆರಿಗೆಗಳು ಹೆಚ್ಚಿದಂತೆ ಕಂಡು 2022ರಲ್ಲಿ ಅದನ್ನು ನಿಲ್ಲಿಸಿದರು. ಎಚ್ಚರಿಕೆಗಾಗಿಯೇ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಸಿಕೆಯನ್ನು 32ರಿಂದ 36ನೆಯ ವಾರದೊಳಗೆ ಮಾತ್ರ ಕೊಡಬೇಕೆಂದು ಗೊತ್ತುಮಾಡಿದ್ದಾರೆ. 2024ರಲ್ಲಿ, ಕೂಸುಗಳಿಗೇ ನೇರವಾಗಿ ಕೊಡುವ ಹೊಸಬಗೆಯ ಲಸಿಕೆಯೊಂದರ ಪರೀಕ್ಷೆಯಲ್ಲಿ ತೀವ್ರ ಕಾಯಿಲೆ ಲಸಿಕೆ ಪಡೆದ ಕೂಸುಗಳಲ್ಲಿಯೇ ಹೆಚ್ಚಾಗಿ ಕಂಡಿತು. ಪರೀಕ್ಷೆಯನ್ನು ಕೂಡಲೇ ತಡೆಹಿಡಿದರು. ಆ ಲಸಿಕೆ ಮೈಗೆ ಪರಿಚಯಿಸುವುದು ಸಿಡಿಯದ ರೂಪದ ಎಫ್ ಪ್ರೋಟೀನನ್ನೇ! ಆದ್ದರಿಂದ ಮುಳ್ಳಿನ ರೂಪವೊಂದೇ ಎಲ್ಲಕ್ಕೂ ಉತ್ತರವಲ್ಲ. ವಿಷಾಣುವನ್ನೇ ಕಾಣದ ಎಳೆಯ ಮೈಗೆ ಪಾಠ ಕಲಿಸುವ ಕ್ರಮವೂ ಬೇರೆಯೇ ಇರಬೇಕು. ಅಲ್ಲಿಯವರೆಗೆ ಕೂಸಿಗೆ ರಕ್ಷೆ ತಾಯಿಯ ರಕ್ತದಿಂದಲೋ ಸಿದ್ಧ ಪ್ರತಿಕಾಯದಿಂದಲೋ ಬರಬೇಕು.

1966ರ ವಿಜ್ಞಾನಿಗಳು ನಿರ್ಲಕ್ಷ್ಯಗಾರರಲ್ಲ. ಅವರಿಗೆ ತಿಳಿದಷ್ಟನ್ನು ಅವರು ಮಾಡಿದರು. ಮಾಡಿದುದರ ಫಲವನ್ನು, ಅದು ಕಹಿಯಾಗಿದ್ದರೂ, ಮುಚ್ಚಿಡದೆ ಬರೆದಿಟ್ಟರು. ಆ ಲೆಕ್ಕ ಇಲ್ಲದಿದ್ದರೆ ಮುಂದಿನವರು ಯಾವ ಪ್ರಶ್ನೆ ಕೇಳಬೇಕೆಂಬುದೇ ತಿಳಿಯುತ್ತಿರಲಿಲ್ಲ. ತೀರಿಕೊಂಡ ಆ ಎರಡು ಕೂಸುಗಳ ಋಣ ಇಂದು ಸುಖವಾಗಿ ಉಸಿರಾಡುವ ಅನೇಕ ಕೂಸುಗಳ ಮೇಲಿದೆ.

ನಾವು ಮನೆಯಲ್ಲಿ ಮಾಡಬಹುದಾದ ಕೆಲಸ ಚಿಕ್ಕದು. ಹಸುಗೂಸನ್ನು ಎತ್ತಿಕೊಳ್ಳುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ನೆಗಡಿಯಾದವರು, ಎಷ್ಟೇ ಅಕ್ಕರೆಯಿದ್ದರೂ, ಕೂಸಿನ ಕೆನ್ನೆಗೆ ಮುತ್ತಿಡಬಾರದು. ಕೂಸಿನ ಪಕ್ಕೆ ಒಳಸೆಳೆಯತೊಡಗಿದರೆ, ಹಾಲು ಕುಡಿಯುವುದನ್ನು ಬಿಟ್ಟರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು.